ದೋಣಿ ಎಳೆಯುವ ಗಾಲಿಗೆ ಎಣ್ಣೆಯೋ ಗ್ರೀಸೋ

ನಮ್ಮ ದೊಡ್ಡಪ್ಪನ ಮಗನಿಗೆ, ಅಂದರೆ ನಾನು ಅಣ್ಣ ಎಂದು ಕರೆಯಲೇಬೇಕಾದ ಮನುಷ್ಯನಿಗೆ, ಗೊತ್ತಿಲ್ಲದ ವಿಷಯ ಈ ಭೂಮಿಯ ಮೇಲಿಲ್ಲ. ಹತ್ತಿ ವ್ಯಾಪಾರಿ. ಹತ್ತಿಯ ಬಗ್ಗೆ ಮಾತಾಡಲಿ, ಬೇಡವೆಂದವರಾರು? ಆದರೆ ಮಂಡಿನೋವು, ಮೋಡ, ಮೋಟಾರು, ಊರವರ ಮಕ್ಕಳ ಮದುವೆ, ಎಲ್ಲದರಲ್ಲೂ ಕೊನೆಯ ಮಾತು ಅವನದೇ ಆಗಬೇಕು. ಇಂಥವನ ಜೊತೆ ಪಾಲುಗಾರನಾಗಿ ನಾನು ದೋಣಿಯ ಕೆಲಸಕ್ಕೆ ಇಳಿದೆ. ಒಂದು ಮೋಟಾರು ದೋಣಿ, ಅದನ್ನು ಜೀಪಿನ ಹಿಂದೆ ಕಟ್ಟಿ ಎಳೆಯಲು ಎರಡು ಗಾಲಿಯ ಟ್ರೇಲರ್. ರಜೆಯ ದಿನ ಸುತ್ತಲಿನ ಕೆರೆಗಳಿಗೆ ಒಯ್ದು ಜನರನ್ನು ಕೂಡಿಸಿಕೊಂಡು ಸುತ್ತು ಹೊಡೆಸುತ್ತಿದ್ದೆವು.

ದೋಣಿಯ ಟ್ರೇಲರನ್ನು ಹಿಂದಕ್ಕೆ ನಡೆಸಿ ನೀರಿಗೇ ಇಳಿಸಬೇಕು. ದಾರಿಯುದ್ದಕ್ಕೂ ಓಡಿ ಬಿಸಿಯಾದ ಹಬ್, ಅಂದರೆ ಬೇರಿಂಗ್ ಕೂತಿರುವ ಗಾಲಿಯ ನಡುಗುಂಬ, ತಣ್ಣೀರಿಗೆ ಬಿದ್ದೊಡನೆ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ. ಒಳಗೆ ಗ್ರೀಸ್ ಇದ್ದರೆ ಆ ನೀರು ಅದರಲ್ಲೇ ಅಡಗಿ ಕೂತು ಬೇರಿಂಗಿಗೆ ತುಕ್ಕು ಹಿಡಿಸುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ನಮ್ಮ ಮೊದಲ ಜೋಡಿ ಬೇರಿಂಗ್ ಹಾಗೆಯೇ ಹಾಳಾಯಿತು. ಎಣ್ಣೆ ತುಂಬುವ ಹಬ್ ಹಾಕಿಸೋಣ ಎಂದೆ. ಅದರಲ್ಲಿ ಬೇರಿಂಗ್ ಸದಾ ಎಣ್ಣೆಯಲ್ಲಿ ತೊಯ್ದಿರುತ್ತದೆ, ಹೊರಮುಖಕ್ಕೆ ಗಾಜಿನಂಥ ಮುಚ್ಚಳ ಇರುತ್ತದೆ. ಎಣ್ಣೆ ಎಷ್ಟಿದೆ, ನೀರು ಸೇರಿ ಮಜ್ಜಿಗೆಯ ಬಣ್ಣಕ್ಕೆ ತಿರುಗಿದೆಯೇ ಎಂದು ಹೊರಡುವ ಮುಂಚೆ ಬಗ್ಗಿ ನೋಡಿದರೆ ಸಾಕು.

"ನಮ್ಮ ಹತ್ತಿ ಗಾಡಿ ಎಲ್ಲಾ ಗ್ರೀಸ್ ಮ್ಯಾಲೇ ನಡದಾವು. ನಿಂದೇನಲೇ ಹೊಸಾ ಶಾಣ್ಯಾತನ?" ಎಂದ ಅಣ್ಣ.

"ಹತ್ತಿ ಗಾಡಿ ಕೆರ್ಯಾಗ ಇಳೀತಾವೇನಣ್ಣಾ?" ಎಂದೆ.

ಅಣ್ಣ ಸಿಟ್ಟಾದ. ನಾನು ಹಟ ಹಿಡಿದು ಹಬ್ ಬದಲಿಸಿದೆ. ಆ ಹಬ್ ನಮ್ಮಿಂದ ಕೇಳುವುದು ಬಗ್ಗಿ ನೋಡುವ ಸೊಂಟ ಒಂದನ್ನೇ. ನಮ್ಮ ಅಣ್ಣನ ಸೊಂಟ ಯಾವುದಕ್ಕೂ ಬಗ್ಗಿದ್ದಲ್ಲ.

ಖಂಡೇನವಮಿ ಬಂತು. ಗಬ್ಬೂರಿನ ಅವನ ಗೋದಾಮಿನಲ್ಲಿ ತಕ್ಕಡಿಯಿಂದ ಹಿಡಿದು ಜೀಪಿನವರೆಗೆ ಎಲ್ಲಕ್ಕೂ ಪೂಜೆ. ಟ್ರೇಲರಿನ ಸರದಿ ಬಂದಾಗ ಅಣ್ಣ ವಿಭೂತಿಯನ್ನು ಗಟ್ಟಿಯಾಗಿ ಕಲಸಿ, ಎರಡೂ ಹಬ್‌ಗಳ ಗಾಜಿನ ಮುಚ್ಚಳದ ಮೇಲೆಯೇ ಗೋಡೆಗೆ ಸುಣ್ಣ ಬಳಿದಂತೆ ಬಳಿದ. ನಡುವೆ ಕುಂಕುಮ.

"ಅಣ್ಣಾ, ಎಣ್ಣಿ ಕಾಣಂಗಿಲ್ರಿ. ಸ್ವಲ್ಪ ಬಾಜೂಕ ಹಚ್ಚೂಣು."

"ಪೂಜಾ ಮಾಡಿದ್ದನ್ನ ಅಳಸ್ತಾರೇನು? ತಾನಾಗೇ ಹೋಗಬೇಕದು. ಕೈ ಹಚ್ಚಬ್ಯಾಡ."

ನಮ್ಮ ಅಜ್ಜಿಯೂ ದಿನಾ ಈಬತ್ತಿ ಹಚ್ಚಿಕೊಳ್ಳುತ್ತಿದ್ದಳು. ಹಣೆಗೆ ಹಚ್ಚುತ್ತಿದ್ದಳು, ಕಣ್ಣಿಗಲ್ಲ. ಈ ಮನುಷ್ಯನಿಗೆ ಅಷ್ಟೂ ತಿಳಿಯದು. ಒರೆಸೋಣವೆಂದರೆ ಟ್ರೇಲರ್ ಅವನ ಗೋದಾಮಿನಲ್ಲಿ, ಕೀಲಿ ಅವನ ಕಿಸೆಯಲ್ಲಿ.

ಆಮೇಲೆ ಮಳೆ ಹಿಡಿಯಿತು. ದೋಣಿ ಗೋದಾಮಿನ ಒಳಗೇ ನಿಂತಿತ್ತು. ಮಳೆ ಬಿಟ್ಟ ದಿನ ಬೆಳಗ್ಗೆ ಉಣಕಲ್‌ನ ನನ್ನ ಮನೆಯ ಮುಂದೆ ಜೀಪು ಬಂದು ನಿಂತಿತು. ಹಿಂದೆ ದೋಣಿ, ಒಳಗೆ ಅಣ್ಣ ಮತ್ತು ಅವನ ಹೆಂಡತಿ, ನಮ್ಮ ವೈನಿ. ಅಮ್ಮಿನಬಾವಿಯ ಆಚೆ ವೈನಿಯ ತಮ್ಮ ಎತ್ತು ಬಿಚ್ಚಲು ಹೊಲಕ್ಕೆ ಹೋಗಿದ್ದನಂತೆ. ಹಳ್ಳ ಉಕ್ಕಿ ಹೊಲವನ್ನು ಸುತ್ತುವರಿದಿತ್ತು. ಅವನು ಜಾಲಿಯ ಮರ ಹತ್ತಿ ಕೂತು ಅಕ್ಕನಿಗೆ ಫೋನು ಮಾಡಿದ್ದ.

"ಎಣ್ಣಿ ನೋಡೀರೇನಣ್ಣಾ?" ಎಂದು ಕೇಳಿದೆ.

"ನೋಡೀನಿ. ಲಗೂ ಹತ್ತು!"

ನಂಬಿ ಹತ್ತಿದೆ. ಧಾರವಾಡ ದಾಟಿ ಅಮ್ಮಿನಬಾವಿಯ ದಾರಿ ಹಿಡಿದಿದ್ದೆವು, ಸುಟ್ಟ ವಾಸನೆ ಬಂತು. ಆಮೇಲೆ ಕಿರುಗುಟ್ಟುವ ಸದ್ದು. ಇಳಿದು ನೋಡಿದರೆ ಎಡಗಾಲಿ ವಾಲಿಕೊಂಡು ನಿಂತಿದೆ, ಹಬ್ ಮುಟ್ಟಲಾರದಷ್ಟು ಬಿಸಿ. ಅದರ ಮೇಲೆ ಒಂದಿಷ್ಟೂ ಕೆಡದ ವಿಭೂತಿ. ವೈನಿ ಯಾರನ್ನೂ ಕೇಳದೆ ಸೆರಗು ಮಡಚಿ ಹಿಡಿದು ಅದನ್ನು ಒರೆಸಿದರು. ಒಳಗೆ ಎಣ್ಣೆಯ ಹನಿಯೂ ಇರಲಿಲ್ಲ. ಎಣ್ಣೆ ತಡೆಯುವ ಸೀಲು ಸವೆದು, ನಿಂತಲ್ಲೇ ಸೋರಿಹೋಗಿತ್ತು. ಬಗ್ಗಿ ನೋಡಿದ್ದರೆ ಗಬ್ಬೂರಿನಲ್ಲೇ ಕಾಣುತ್ತಿತ್ತು, ತುಂಬಿಕೊಂಡು ಬರಬಹುದಿತ್ತು.

ಅಷ್ಟರಲ್ಲಿ ವೈನಿಯ ಫೋನು ಬಡಿದುಕೊಂಡಿತು. "ಬಂದ್ವೋ ತಮ್ಮಾ, ಗಟ್ಟಿ ಹಿಡ್ಕೊಂಡು ಕೂಡು," ಎಂದರು. ಪಕ್ಕದಲ್ಲಿ ನಿಂತ ಈ ಮಹಾನುಭಾವ ಹೇಳಿದ್ದೇನು ಗೊತ್ತೇ? "ಗ್ರೀಸ್ ಇದ್ದಿದ್ರ ಹಿಂಗ ಆಗತಿದ್ದಿಲ್ಲ." ಆಗ ಅವನ ಮೇಲೆ ಹುಟ್ಟಿದ ಹೇಸಿಗೆ ನನಗೆ ಇಂದಿಗೂ ಹೋಗಿಲ್ಲ.

ದೋಣಿಯನ್ನು ರಸ್ತೆಯಲ್ಲೇ ಬಿಟ್ಟು ಬರಿ ಜೀಪಿನಲ್ಲಿ ಹೋದೆವು. ನಾವು ಮುಟ್ಟುವಷ್ಟರಲ್ಲಿ ಊರ ಹುಡುಗರು ಟ್ರ್ಯಾಕ್ಟರಿನ ಟ್ಯೂಬು, ಹಗ್ಗ ಹಿಡಿದು ಈಜಿ ಹೋಗಿ ವೈನಿಯ ತಮ್ಮನನ್ನು ದಡಕ್ಕೆ ತಂದಿದ್ದರು. ಕಂಬಳಿ ಹೊದ್ದು ನಡುಗುತ್ತ ಕೂತಿದ್ದ. ವೈನಿ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ಬಿಡಲಿಲ್ಲ.

ಕೆಲವು ದಿನಗಳ ಮೇಲೆ ಅಣ್ಣನ ಮನೆಯಲ್ಲಿ ನೆಂಟರು ಸೇರಿದ್ದರು. ಅಣ್ಣ ಕತೆ ಬಿಚ್ಚಿದ. ನನ್ನ ಎಣ್ಣೆಯ ಹಬ್ ಕೈಕೊಟ್ಟಿತಂತೆ, ಆದರೂ ಇವನು ಎದೆಗುಂದದೆ ನುಗ್ಗಿ ಹೋಗಿ ಹೆಂಡತಿಯ ತಮ್ಮನನ್ನು ಉಳಿಸಿದನಂತೆ. ಕೇಳುವವರು ತಲೆಯಾಡಿಸುತ್ತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ವೈನಿ ಅಡುಗೆಮನೆಯಿಂದ ಬಂದು ನಿಂತರು.

"ರೀ, ನಾಳಿ ನನ್ನ ತಮ್ಮ ಬರಾಕತ್ತಾನ. ಇದ ಕತಿ ಅವನ ಮುಂದ ಕೂತು ಹೇಳ್ರಿ. ಎಣ್ಣಿ ನೋಡೀನಿ ಅಂದಿದ್ರಲ್ಲಾ, ಅದನ್ನೂ ಹೇಳ್ರಿ."

ಮರುದಿನ ತಮ್ಮ ಬಂದ, ಊಟ ಮಾಡಿದ, ಸಂಜೆಯವರೆಗೆ ಇದ್ದ. ಎಲ್ಲ ಬಲ್ಲ ನಮ್ಮ ಅಣ್ಣ ಬೆಳಗ್ಗೆಯೇ ಗೋದಾಮಿಗೆ ಹೋಗಿ, ಒಳಗಿನಿಂದ ಬಾಗಿಲು ಹಾಕಿಕೊಂಡು ಕೂತಿದ್ದ.