ಸಿಟಿ ಬಸ್ಸಿನಲ್ಲಿ ಆದ ಮದುವೆ

“ನಿಮ್ಮೂರು ಮಸ್ಕಿ, ಆಕಿದು ತುರ್ವಿಹಾಳ ಅಂತೀರಿ. ಮದಿವಿ ಆಗೇತೇನು?” ಬೆಂಗಳೂರಿನ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಹೀಗೆ ಕೇಳಿದಾಗ ಗಾಬರಿಯಲ್ಲಿ “ಹೂಂನ್ರೀ, ಆಗೇತ್ರೀ” ಎಂದುಬಿಟ್ಟೆ. ನಿಜವಾಗಿ ನನಗೂ ಪಕ್ಕದಲ್ಲಿ ಕೂತಿದ್ದ ಅವಳಿಗೂ ನಿಶ್ಚಯವಷ್ಟೇ ಆಗಿತ್ತು. ಪರೀಕ್ಷೆ ಬರೆಯಲು ಬಂದಿದ್ದ ನಾವಿಬ್ಬರೂ ಅದು ಮುಗಿದ ಮರುದಿನ ಮನೆಯವರಿಗೆ ತಿಳಿಸದೆ ದಿನದ ಪಾಸು ಕೊಂಡು, ಬುತ್ತಿಯ ರೊಟ್ಟಿ ತಿನ್ನುತ್ತ, ಕಿಟಕಿಯಿಂದಲೇ ಅಗ್ಗದಲ್ಲಿ ಬೆಂಗಳೂರು ನೋಡುತ್ತಿದ್ದೆವು.

ಕಂಡಕ್ಟರ್ ನಮ್ಮ ಕಡೆಯ ಲಿಂಗಸುಗೂರಿನವರು. ಅಷ್ಟಕ್ಕೆ ಬಿಡುವರೇ? “ತುರ್ವಿಹಾಳದಾಗ ಯಾರ ಮನಿಯವ್ವಾ?” ಎಂದು ಅವಳನ್ನು ಕೇಳಿದರು. ಅವಳು ಅಪ್ಪನ ಹೆಸರು ಹೇಳಿದ್ದೇ ತಡ, ಅವರ ಮುಖ ಗಂಟಾಯಿತು. ದೂರದ ನಂಟಿನಲ್ಲಿ ಅವಳಪ್ಪನಿಗೆ ಮೈದುನನಾಗಬೇಕಂತೆ! ಅಲ್ಲೇ ನಿಂತು ಫೋನ್ ಹಚ್ಚಿದರು: “ಏನ್ ಭಾವ, ಮಗಳ ಮದಿವಿ ಮಾಡಿ ಮುಗಿಸೀದಿ, ನನಗ ಒಂದ್ ಮಾತ್ ಹೇಳಬಾರ್ದಾಗಿತ್ತೇನು?”

ಆ ಕಡೆಯಿಂದ ಮಾವನವರ ಕೂಗು ಇಡೀ ಬಸ್ಸಿಗೆ ಕೇಳಿಸಿತು. ನಾವು ಮುಂದಿನ ಸ್ಟಾಪಿನಲ್ಲೇ ಇಳಿದೆವು. ದಿನದ ಪಾಸು ಮಧ್ಯಾಹ್ನಕ್ಕೇ ಮುಗಿಯಿತು.

ನಮ್ಮ ಲಗ್ನಪತ್ರಿಕೆ ಎಲ್ಲರಿಗಿಂತ ಮೊದಲು ಹೋದದ್ದು ಆ ಕಂಡಕ್ಟರ್ ಮನೆಗೇ. ಅಕ್ಷತೆ ಹಾಕಲು ಬಂದವರು, ಮಾವನವರ ಎದುರಿಗೇ ಗಟ್ಟಿಯಾಗಿ ಹೇಳಿದರು: “ಎರಡನೇ ಮದಿವಿಗಾದ್ರೂ ಕರದ್ರಲ್ಲ, ಬಿಡ್ರಿ!”