ಕಚ್ಚಿದ ಮೇಲೆ ಇನ್ನೆರಡು: ಸಿಸ್ಟರ್ ಡೆಲ್ವಿನ್ ಹಾಸ್ಕಿಂಗ್ ಅವರ ಸೇವೆ

ಗೋಧಿಯನ್ನೂ ಕುರಿಯನ್ನೂ ನಂಬಿ ಬದುಕುವ ಪಶ್ಚಿಮ ಆಸ್ಟ್ರೇಲಿಯಾದ ಒಳನಾಡಿನಲ್ಲಿ ದಾದಿಯ ವೃತ್ತಿಯೆಂದರೆ ಒಬ್ಬರೇ ನಿಂತು ನಡೆಸುವ ವೃತ್ತಿ. ವೈದ್ಯರು ವಾರಕ್ಕೊಮ್ಮೆ ಬಂದು ಹೋಗುವ ಯಾರ್ಡಲಪ್ಪಿನಂಥ ಊರಿನಲ್ಲಿ ಮುದುಕರ ಎದೆನೋವನ್ನಾಗಲಿ, ತಂತಿಬೇಲಿಗೆ ಸಿಕ್ಕಿ ಹರಿದ ಅಂಗೈಯನ್ನಾಗಲಿ ಮೊದಲು ನೋಡುವ ಕಣ್ಣು ದಾದಿಯದೇ. ಮೂರು ದಶಕಗಳ ಕಾಲ ಆ ಕಣ್ಣು ಸಿಸ್ಟರ್ ಡೆಲ್ವಿನ್ ಹಾಸ್ಕಿಂಗ್ ಅವರದಾಗಿತ್ತು. ಅವರು ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ ಅವರನ್ನು ನೆನೆಯುವುದು ಊರಿನ ಕರ್ತವ್ಯ. ಆದರೆ ಆ ನೆನಪನ್ನು ಬರಿಯ ಹೊಗಳಿಕೆಯಾಗಿ ಮುಗಿಸಿದರೆ ಅವರಿಗೇ ಅದು ಹಿಡಿಸಲಾರದು.

ಹಾಸ್ಕಿಂಗ್ ಮನೆತನದ ಸೊಸೆಯಾಗಿ ಕಡಲ ತೀರದ ಊರೊಂದರಿಂದ ಬಂದ ಅವರು ಕೆಂಪು ಧೂಳಿಗೆ ಹೊಂದಿಕೊಳ್ಳುವ ಮೊದಲೇ ಕೆಲಸಕ್ಕೆ ಹೊಂದಿಕೊಂಡರು. ಕಟಾವಿನ ಕಾಲದಲ್ಲಿ ಯಾವ ರೈತನೂ ಯಂತ್ರ ನಿಲ್ಲಿಸಿ ಚಿಕಿತ್ಸಾಲಯಕ್ಕೆ ಬರಲಾರನೆಂದು ಕಂಡುಕೊಂಡು, ಮದ್ದು ತುಂಬಿದ ಮಂಜುಗಡ್ಡೆಯ ಪೆಟ್ಟಿಗೆಯನ್ನು ಪಿಕಪ್ಪಿಗೆ ಹಾಕಿಕೊಂಡು ಹೊಲಹೊಲಕ್ಕೆ ತಾವೇ ಹೋಗುವ ಪದ್ಧತಿಯನ್ನು ಹಾಕಿದವರು ಅವರು. ಗಂಡ ತೀರಿಕೊಂಡ ವರ್ಷವೂ ಆ ಪಿಕಪ್ಪು ನಿಲ್ಲಲಿಲ್ಲ.

ಊರಿನ ಫುಟ್‌ಬಾಲ್ ಸಂಘದ ಹುಡುಗರು ಪಂದ್ಯಗಳ ಋತು ಮುಗಿದೊಡನೆ, ಕಟಾವು ಆರಂಭವಾಗುವ ಮೊದಲು, ಗುಂಪಾಗಿ ಇಂಡೋನೇಷ್ಯಾದ ಬಾಲಿ ದ್ವೀಪಕ್ಕೆ ಹೋಗಿ ಬರುವುದು ಹಳೆಯ ವಾಡಿಕೆ. ಅಲ್ಲಿನ ನಾಯಿಗಳಲ್ಲಿ ಹುಚ್ಚು ಹಬ್ಬಿದ ಸುದ್ದಿ ಬಂದಾಗಿನಿಂದ ಸಿಸ್ಟರ್ ಸಂಘದ ಕೋಣೆಯಲ್ಲೇ ಅದರ ಲಸಿಕೆ ಹಾಕತೊಡಗಿದರು. ಇದು ಎಷ್ಟು ವರ್ಷ ಬರುತ್ತದೆಂದು ಹುಡುಗರು ಕೇಳುವರು. ಬಹಳ ವರ್ಷ ಬರುತ್ತದೆ, ಆದರೆ ಕಚ್ಚಿಸಿಕೊಂಡರೆ ಇನ್ನೆರಡು ಬೇಕೇ ಬೇಕು ಎಂದು ಅವರು ಹೇಳುವರು. ಹುಚ್ಚುನಾಯಿಯನ್ನೇ ಕಾಣದ ನೆಲ ನಮ್ಮದು. ಕುರಿ ಕಾಯುವ ನಾಯಿ ಕೈಗೆ ಬಾಯಿ ಹಾಕಿದರೆ ಪ್ಯಾಂಟಿಗೆ ಒರೆಸಿಕೊಂಡು ಮುಂದಿನ ಕೆಲಸಕ್ಕೆ ಹೋಗುವ ಜನ. ಸಿಸ್ಟರ್ ಮಾತಿನ ಮೊದಲರ್ಧ ಮಾತ್ರ ಹುಡುಗರ ಕಿವಿಯಲ್ಲಿ ಉಳಿಯಿತು.

ಒಂದು ನವೆಂಬರಿನಲ್ಲಿ ರಸೆಲ್ ಟ್ರೆಗೋನಿಂಗ್ ಎಂಬ ಯುವಕ ತಂತಿ ಕುಯ್ದ ಬೆರಳನ್ನು ತೋರಿಸಲು ಬಂದ. ಸಿಸ್ಟರ್ ಕಣ್ಣು ಬೆರಳಿಗಿಂತ ಮೊದಲು ಮಣಿಕಟ್ಟಿನ ಮೇಲೆ ಹೋಯಿತು.

"ಇದೇನೋ ಗಾಯದ ಗುರುತು?"

"ಅದಾ? ಬಾಲಿ ನಾಯಿಮರಿ ಸಿಸ್ಟರ್. ಸಾಸೇಜ್ ಕೊಟ್ರೆ ಕೈನೇ ತಿನ್ನೋಕ್ ಬಂತು, ಪೋಲಿ ಮುಂಡೇದು."

"ಡಾಕ್ಟರಿಗೆ ತೋರಿಸಿದ್ಯಾ?"

"ತೋರ್ಸೋಕೇನಿದೆ? ನೀವೇ ಮೂರು ವರ್ಷದ ಹಿಂದೆ ಚುಚ್ಚಿದ್ರಲ್ಲ. ಬಹಳ ವರ್ಷ ಬರುತ್ತೆ ಅಂದ್ರಿ."

"ಅಂದೆ. ಅದಾದ ಮೇಲೆ ಏನಂದೆ?"

"ಅದಾದ ಮೇಲೆ ಬಿಯರ್ ಪೀಪಾಯಿ ತೆರೆದ್ರು ಸಿಸ್ಟರ್."

ಅವರು ನಗಲಿಲ್ಲ. ಮೊದಲು ಹಾಕಿದ ಲಸಿಕೆ ಮೈಗೆ ಶತ್ರುವಿನ ಗುರುತನ್ನು ಕಲಿಸುತ್ತದೆ. ಆ ಕಲಿಕೆ ವರ್ಷಗಟ್ಟಲೆ ಉಳಿಯುತ್ತದೆ. ಆದರೂ ಕಚ್ಚಿದ ಮೇಲೆ ಎರಡು ಚುಚ್ಚುಮದ್ದು ಕೊಟ್ಟು ಅದನ್ನು ಎಬ್ಬಿಸಬೇಕು. ಹಿಂದೆ ಲಸಿಕೆಯನ್ನೇ ಪಡೆಯದವನಿಗಾದರೆ ಇವೆರಡು ಸಾಲವು. ಗಾಯದೊಳಕ್ಕೆ ಬೇರೆ ಮದ್ದೇ ಬೇಕು, ಚುಚ್ಚುಮದ್ದೂ ಹೆಚ್ಚು ಬೇಕು. ಸಿಸ್ಟರ್ ಅಂದೇ ದೊಡ್ಡ ಊರಿಗೆ ಹೋಗಿ ಮದ್ದು ತಂದು, ಕಟಾವು ಯಂತ್ರದ ಮೆಟ್ಟಿಲ ಮೇಲೆ ರಸೆಲ್‌ನನ್ನು ಕೂರಿಸಿ ಮೊದಲನೆಯದನ್ನು ಹಾಕಿದರು.

"ಆ ಮರಿ ಇನ್ಯಾರಿಗೆ ಬಾಯಿ ಹಾಕ್ತು?"

ರಸೆಲ್ ಗೋಧಿಯ ಕಡೆ ನೋಡುತ್ತ ಕುಳಿತ. "ಬೆವನ್‌ಗೆ. ಡಾಕ್ಟರ್ ಹತ್ರ ಹೋಗ್ಲಾ ಅಂತ ಕೇಳ್ದ. ನಾನೇ ಅಂದೆ, ನಾನು ಆರಾಮಾಗಿದೀನಿ, ನಿಂಗೇನ್ ಆಗುತ್ತೆ ಮಾರಾಯ ಅಂತ."

ಅದೇ ಸಂಘದ ಬೆವನ್, ಮೂರು ವರ್ಷದ ಹಿಂದೆ ರಸೆಲ್‌ಗೆ ಲಸಿಕೆ ಹಾಕಿದ ಸಲ ಮನೆಯಲ್ಲಿ ಉಣ್ಣೆ ಕತ್ತರಿಸುವ ಕೆಲಸವಿದ್ದುದರಿಂದ ಲಸಿಕೆ ತಪ್ಪಿಸಿಕೊಂಡಿದ್ದ. ಈಗ ಉತ್ತರದ ಕಬ್ಬಿಣದ ಗಣಿಗೆ ದುಡಿಯಲು ಹೋಗಿದ್ದ. ಸಿಸ್ಟರ್ ಹೊಲದಿಂದಲೇ ಫೋನು ಮಾಡಿದರು.

"ವಾಸಿಯಾಗೋಯ್ತು ಸಿಸ್ಟರ್. ಪಾಳಿ ಮುಗಿಸಿ ಬರ್ತೀನಿ, ಆಮೇಲೆ ಜರಡಿ ಥರ ಚುಚ್ಚಿ."

"ಇವತ್ತೇ ವಿಮಾನ ಹತ್ತು ಬೆವನ್. ನಿನ್ನ ಕೈ ಮುಗೀತೀನಿ."

"ನಮ್ಮಮ್ಮನಿಗಿಂತ ಕಷ್ಟ ನೀವು!"

ಗಣಿಯ ದಾದಿಗೂ, ನಗರದ ಆಸ್ಪತ್ರೆಗೂ ಅವರು ಹೇಳಿಟ್ಟರು. ಬೆವನ್ ವಿಮಾನ ಹತ್ತುವ ಹೊತ್ತಿಗೆ ಮರಿ ಕಚ್ಚಿದ ಕೈಯಲ್ಲಿ ಜುಮುಗುಡಿಕೆ ಶುರುವಾಗಿತ್ತು. ಹುಚ್ಚಿನ ಆ ಮೊದಲ ಲಕ್ಷಣ ಕಂಡ ಮೇಲೆ ಯಾವ ಮದ್ದೂ ಇರಲಿಲ್ಲ. ನಗರದ ಆಸ್ಪತ್ರೆಯಲ್ಲಿ, ಬಾಯಾರಿಕೆಯಿದ್ದೂ ನೀರಿನ ಲೋಟ ಕಂಡರೆ ಗಂಟಲು ಬಿಗಿಯುತ್ತಿದ್ದ ಮಗನ ಪಕ್ಕದಲ್ಲಿ ತಾಯಿ ನೊರೀನ್ ಕುಳಿತಿದ್ದರು. ಸಿಸ್ಟರ್ ಹೊರಗಿನ ಬೆಂಚಿನಲ್ಲಿದ್ದರು. ಕ್ರಿಸ್ಮಸ್ಸಿಗೆ ಮೊದಲೇ ಬೆವನ್ ತೀರಿಕೊಂಡ. ಮಣ್ಣು ಮಾಡಿದ ದಿನ ನೊರೀನ್ ಎಲ್ಲರೆದುರು ಒಂದು ಮಾತು ಹೇಳಿದರು: "ರಸೆಲ್‌ಗೆ ಎರಡು ಸೂಜಿ ಕೊಟ್ಟೆ ಡೆಲ್. ನನ್ನ ಮಗನಿಗೆ ಒಂದು ಫೋನು."

ನೊರೀನ್ ಅಂದಿನಿಂದ ರಕ್ತದೊತ್ತಡದ ಮಾತ್ರೆಗೂ ಪಕ್ಕದ ಊರಿಗೆ ಹೋಗತೊಡಗಿದರು. ರಸೆಲ್ ಮತ್ತೆ ಬಾಲಿಗೆ ಹೋಗಲಿಲ್ಲ, ಆಡಲೂ ಇಲ್ಲ. ಸಿಸ್ಟರ್ ಮಾತ್ರ ಪ್ರತಿವರ್ಷ ಸಂಘದ ಕೋಣೆಯ ಬಾಗಿಲು ಹಾಕಿಸಿ, ಪೀಪಾಯಿ ತೆರೆಯುವ ಮೊದಲು, ಕಚ್ಚಿದ ಜಾಗವನ್ನು ಸಾಬೂನು ಹಚ್ಚಿ ಬಹಳ ಹೊತ್ತು ತೊಳೆಯಬೇಕು, ಅಂದೇ ವೈದ್ಯರಲ್ಲಿಗೆ ಹೋಗಬೇಕು, ಲಸಿಕೆಯಾಗಿದ್ದರೂ ಇನ್ನೆರಡು ಬೇಕು ಎಂಬುದನ್ನು ಒಬ್ಬೊಬ್ಬ ಹುಡುಗನ ಬಾಯಿಂದಲೂ ಹೇಳಿಸುತ್ತಿದ್ದರು. ಬಾಲಿಯಲ್ಲಿ ಕೋತಿಯಿಂದ ಪರಚಿಸಿಕೊಂಡವನೊಬ್ಬ ಅರ್ಧರಜೆ ಬಿಟ್ಟು ಆಸ್ಪತ್ರೆಗೆ ಓಡಿದ್ದೂ ಉಂಟು. ಅದನ್ನು ತಮ್ಮ ಗೆಲುವೆಂದು ಅವರು ಯಾರೊಡನೆಯೂ ಆಡಲಿಲ್ಲ.

ಅವರ ಜಾಗಕ್ಕೆ ಇನ್ನೂ ಯಾರೂ ನೇಮಕವಾಗಿಲ್ಲ. ಕೊನೆಯ ದಿನ ಸಿಸ್ಟರ್ ಕಪಾಟು ಖಾಲಿ ಮಾಡುತ್ತಿದ್ದಾಗ ನೊರೀನ್ ಬಂದರು. ರೋಗಿಗಳು ಕೂರುವ ಕುರ್ಚಿಯಲ್ಲಿ ಕುಳಿತರು.

"ಹುಡುಗರು ಈ ಸಲಾನೂ ಹೋಗ್ತಾರಂತೆ. ಯಾರು ಹೇಳ್ತಾರೆ ಅವರಿಗೆ?"

"ನಾನೇ ಹೇಳ್ತೀನಿ. ಕೆಲಸ ಹೋಯ್ತು ಅಂತ ಬಾಯಿ ಹೋಗಿಲ್ಲ."

"ನಾನೂ ಬರ್ತೀನಿ ಡೆಲ್. ಸೂಜಿ ವಿಷಯ ನೀನು ಹೇಳು. ಬೆವನ್ ವಿಷಯ ನಾನು ಹೇಳ್ತೀನಿ."

ಸಿಸ್ಟರ್ ಡೆಲ್ವಿನ್ ಅವರಿಗೆ ಆಯುಸ್ಸೂ ಆರೋಗ್ಯವೂ ದೊರೆಯಲಿ. ಪಕ್ಕದಲ್ಲಿ ಕುಳಿತು ಮಗನ ಹೆಸರು ಹೇಳಲು ಒಪ್ಪಿದ ಆ ತಾಯಿಗೂ ಅಷ್ಟೇ ಆಯುಸ್ಸು, ಅಷ್ಟೇ ಗಟ್ಟಿ ದನಿ ಇರಲಿ.