ಜೆರಾಕ್ಸ್ ಮಾಡಬಾರದ ನೋಟ್ಸು

ಮೊದಲೇ ಹೇಳಿಬಿಡುತ್ತೇನೆ, ನಾನು ಹೊಸಪೇಟೆಯ ಒಂದು ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡುತ್ತಿದ್ದೆ. ಗಣಿ ಜೋರಾಗಿದ್ದ ಕಾಲ, ಅದಕ್ಕೇ ತರಗತಿ ತುಂಬಿರುತ್ತಿತ್ತು. ಆದರೆ ದುಬಾರಿ ಪಠ್ಯಪುಸ್ತಕ ಕೊಳ್ಳಲಾಗದೆ ಎಷ್ಟೋ ಮಂದಿ ನಪಾಸಾಗುತ್ತಿದ್ದರು. ಹಾಗಾಗಿ ನಾನೇ ಕನ್ನಡದಲ್ಲಿ ನೋಟ್ಸ್ ಬರೆದೆ. ‘ಯಾರು ಬೇಕಾದರೂ ಜೆರಾಕ್ಸ್ ಮಾಡಿಸಿಕೊಳ್ಳಬಹುದು’ ಎಂದು ಮೇಲೆ ಬರೆದು, ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಇಟ್ಟೆ. ಅಂದರೆ ಕಾಗದದ ಖರ್ಚು ಬಿಟ್ಟರೆ ಎಲ್ಲ ಪುಕ್ಕಟೆ. ವಾರವಾದರೂ ಯಾರೂ ಮುಟ್ಟಲಿಲ್ಲ.

ಅಂಗಡಿಯ ಖಾಜಾಸಾಬರು ನಕ್ಕರು. “ಪುಕ್ಕಟೆ ಅಂದ್ರ ಹುಡುಗ್ರಿಗೆ ಅನುಮಾನ ರೀ ಸರ್. ಪರೀಕ್ಷೆಗೆ ಬರೋದು ಇದರಾಗ ಏನೂ ಇಲ್ಲ ಅಂತಾರ. ಆ ಸಾಲು ಹೊಡದು, ‘ಜೆರಾಕ್ಸ್ ಮಾಡಬಾರದು’ ಅಂತ ಬರೀರಿ.”

“ಹಂಗ ಬರದ್ರ ನೀವು ಹೆಂಗ ಮಾಡಿ ಕೊಡ್ತೀರಿ?”

“ಅದು ನನಗ ಬಿಡ್ರಿ. ಕೌಂಟರ್ ಕೆಳಗ ಇಡ್ತೀನಿ.”

ಹಾಗೇ ಬರೆದೆ. ಪರೀಕ್ಷೆ ಹತ್ತಿರ ಬಂದಾಗ, ಸಂಡೂರಿನ ಬಸ್ಸಿನಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳು ಆ ನೋಟ್ಸಿನ ಜೆರಾಕ್ಸನ್ನೇ ಓದುತ್ತಿದ್ದಳು. ನನ್ನನ್ನು ಕಂಡದ್ದೇ ಗಾಬರಿಯಿಂದ ಚೀಲಕ್ಕೆ ತುರುಕಿದಳು.

“ತಪ್ಪಾತ್ರಿ ಸರ್. ಆದ್ರ ಎಲ್ಲಾರೂ ಮಾಡಿಸ್ಯಾರ್ರಿ.”

ಎಲ್ಲರೂ ಎಂದದ್ದು ಕೇಳಿ ನನಗೆ ಭಾಳ ಸಂತೋಷವಾಯಿತು. ನಗು ತಡೆದುಕೊಂಡು, “ಕದ್ದಿದ್ದನ್ನ ಪೂರ್ತಿ ಓದವ್ವ” ಎಂದು ಗದರಿದೆ. ಆ ವರ್ಷ ಅವಳೂ ಪಾಸಾದಳು, ಅವಳ ಜೊತೆಯವರೂ ಪಾಸಾದರು. ನೋಟ್ಸ್ ಕೊಡದ ಜಿಪುಣ ಮೇಷ್ಟ್ರು ಎಂಬ ಹೆಸರು ಮಾತ್ರ ನನಗೆ ಗಟ್ಟಿಯಾಗಿ ನಿಂತಿತು.